ಯಾರೂ ಹೆಸರು ಹೇಳದ ಊಟ

ಬಾಳೆಯೆಲೆಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಕಪ್ಪು ತಟ್ಟೆಯ ಮೇಲೆ ಇಟ್ಟಿದ್ದರು. ಎಲೆಗೆ ತುದಿಯೂ ಇರಲಿಲ್ಲ, ಬುಡವೂ ಇರಲಿಲ್ಲ. ಹಾಗಾಗಿ ತುದಿ ಎಡಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡುವ ಕಷ್ಟವೂ ಇಲ್ಲ. ಈ ಹೋಟೆಲಿನಲ್ಲಿ ತಪ್ಪು ಹುಡುಕಲು ಬಂದವರಿಗೆ ಮೊದಲ ತಪ್ಪನ್ನೇ ಇವರು ಕತ್ತರಿಸಿ ಎಸೆದಿದ್ದಾರಲ್ಲ ಎಂದುಕೊಂಡೆ. ತಪ್ಪು ಹುಡುಕಲು ಬಂದವಳು ನಾನೇ.

ಹೋಟೆಲು ಎಂದರೆ ಮಗಳು ತಿದ್ದುತ್ತಾಳೆ. "ಹೋಟೆಲ್ ಅಲ್ಲಮ್ಮ, ರೆಸ್ಟೋರೆಂಟ್." ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಗೆ ಬೂದುಬಣ್ಣ ಬಳಿದು, ಒಳಗೆ ಕತ್ತಲೆ ಮಾಡಿ, ಪ್ರತಿ ಮೇಜಿನ ಮೇಲೂ ಒಂದೊಂದು ತಾಮ್ರದ ದೀಪ ಇಳಿಬಿಟ್ಟ ಜಾಗ ಅದು. ಮಟಮಟ ಮಧ್ಯಾಹ್ನ ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಪಕ್ಕದವರ ಮುಖ ಕಾಣದ ಮಬ್ಬು. ತಮಿಳುನಾಡಿನ ಊಟವನ್ನು ಹೊಸದಾಗಿ ಯೋಚಿಸುವವರಂತೆ ಇವರು. ಹೊಸದಾಗಿ ಯೋಚಿಸಲು ಅದಕ್ಕೆ ಏನಾಗಿತ್ತು ಎಂದು ನಾನು ಕೇಳಲಿಲ್ಲ.

ನಾನು ಹುಟ್ಟಿದ್ದು ಹೋಟೆಲಿನವರ ಮನೆಯಲ್ಲಿ. ಉಡುಪಿಯ ಕಡೆಯಿಂದ ಬಂದ ಅಪ್ಪ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಗಲ್ಲಿಯಲ್ಲಿ ಇಡ್ಲಿ ಹೋಟೆಲು ನಡೆಸಿದರು. ನನ್ನನ್ನು ಕಾನ್ವೆಂಟಿಗೆ ಹಾಕಿದರು. ಯೂನಿಫಾರಂನಲ್ಲಿ ಸಾಂಬಾರಿನ ವಾಸನೆ ಬರುತ್ತದೆ ಎಂದು ಪಕ್ಕದ ಹುಡುಗಿ ಬೆಂಚಿನ ಆ ತುದಿಗೆ ಸರಿದು ಕೂರುತ್ತಿದ್ದಳು. ಮಧ್ಯಾಹ್ನ ನನ್ನ ಡಬ್ಬಿ ತೆರೆದಾಗ ಮಾತ್ರ ಈ ತುದಿಗೆ ಬರುತ್ತಿದ್ದಳು. ಅಲ್ಲಿನ ಸಿಸ್ಟರುಗಳು ನಮಗೆ ಮುಳ್ಳುಚಮಚ ಹಿಡಿಯುವುದನ್ನು, ಬಾಯಿ ಮುಚ್ಚಿ ಅಗಿಯುವುದನ್ನು ಕಲಿಸಿದರು. ಊಟದ ಮೇಜಿನಲ್ಲಿ ಊಟದ ವಿಷಯ ಮಾತಾಡಬಾರದು ಎಂಬುದು ಅವರ ಇನ್ನೊಂದು ನಿಯಮ. ಹೋಟೆಲಿನವನ ಮಗಳಿಗೆ ಇದಕ್ಕಿಂತ ವಿಚಿತ್ರವಾದ ನಿಯಮ ಇರಲಿಕ್ಕಿಲ್ಲ. ಆದರೂ ರೂಢಿಯಾಯಿತು. ನನ್ನನ್ನು ಎಲ್ಲರೂ ಮೆತ್ತಗಿನವಳು ಎನ್ನುವುದು ಈ ರೂಢಿಯಿಂದಲೇ. ಬಾಯಿ ಮುಚ್ಚಿಕೊಂಡಿದ್ದರೆ ಕಣ್ಣಿಗೆ ಹೆಚ್ಚು ಕಾಣುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ.

ಆ ಭಾನುವಾರದ ಊಟ ನಮ್ಮ ಮಗಳ ಮದುವೆಗೆ ದಿನ ಇಡುವ ಊಟ. ಅವಳೂ ಹುಡುಗನೂ ಒಂದೇ ಆಫೀಸಿನವರು, ತಾವೇ ಒಪ್ಪಿಕೊಂಡಿದ್ದರು. ಹುಡುಗ ಒಳ್ಳೆಯವನು. ಚಪ್ಪಲಿ ಬಿಟ್ಟ ಮೇಲೆ ಅದನ್ನು ಜೋಡಿಸಿ ಇಡುತ್ತಾನೆ. ತೊಂದರೆ ಇದ್ದದ್ದು ಅವನ ತಾಯಿಯ ಹತ್ತಿರ.

ಅವರದ್ದು ಮೈಸೂರು ಕಡೆಯಿಂದ ಎಷ್ಟೋ ತಲೆಮಾರಿನ ಹಿಂದೆ ಮದರಾಸಿಗೆ ಬಂದ ಮನೆತನ. ನಮ್ಮ ಹಾಗೆ ವೈಷ್ಣವರೇ, ಆದರೆ ಅಜ್ಜ ವಕೀಲರು, ಮಾವ ಎಂಜಿನಿಯರು, ಗಂಡ ದೊಡ್ಡ ಕಂಪನಿಯ ಆಡಿಟರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಆ ತಾಯಿ ಸೋಫಾದ ಅಂಚಿನಲ್ಲಿ ಕೂತು, ಕಾಫಿ ಲೋಟದ ತಳವನ್ನು ಒಮ್ಮೆ ತಿರುಗಿಸಿ ನೋಡಿ ಕೇಳಿದರು:

"ನಿಮ್ಮ ತಂದೆಯವರದ್ದು ಹೋಟೆಲ್ ಅಂದ ನನ್ನ ಮಗ. ಸ್ಟಾರ್ ಹೋಟೆಲಾ?"

"ಅಲ್ಲ, ಇಡ್ಲಿ ಹೋಟೆಲು," ಎಂದೆ. "ಈಗ ಅಣ್ಣ ನೋಡಿಕೊಳ್ತಾನೆ. ಕ್ರೋಂಪೇಟೆಯಲ್ಲಿ ಉಂಟು."

"ಉಂಟು," ಎಂದು ಅವರು ಆ ಶಬ್ದವನ್ನು ಬಾಯಲ್ಲಿಟ್ಟು ರುಚಿ ನೋಡಿದರು. "ಪಾವಂ, ಕಷ್ಟಪಟ್ಟು ಮೇಲೆ ಬಂದಿದ್ದೀರಿ. ನಿಮ್ಮ ಮಾತು ಕೇಳಿದ್ರೆ ತಿಳಿಯೋದೇ ಇಲ್ಲ."

ಆ ದಿನ ಹೊರಡುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದುಕೊಂಡು ಇನ್ನೊಂದು ಮಾತೂ ಹೇಳಿದರು. "ಮದುವೆ ಅಡುಗೆಗೆ ಮಾತ್ರ ನಿಮ್ಮಣ್ಣನ ಕಡೆಯವರು ಬೇಡ, ಏನು? ನಮ್ಮವರೆಲ್ಲ ಬರ್ತಾರೆ. ಟಿಫಿನ್‌ಗೆ ಕರೆದ ಹಾಗಿರತ್ತೆ."

ಅಪ್ಪ ಹೋದ ಮೇಲೆ ನನ್ನ ಕಡೆಯ ಒಂದು ಮದುವೆಯೂ ಅಣ್ಣನ ಅಡುಗೆಯಿಲ್ಲದೆ ಆಗಿಲ್ಲ. ನಾನು ನಕ್ಕೆ. ನನ್ನ ನಗುವನ್ನು ಅವರು ಒಪ್ಪಿಗೆ ಎಂದುಕೊಂಡರು.

ಮಗಳು ಆ ಸಂಜೆ ಇನ್ನೊಂದು ವಿಷಯ ಹೇಳಿದಳು. ಹುಡುಗನಿಗೆ ಹಿಂದೆ ಒಂದು ಸಂಬಂಧ ನೋಡಿದ್ದರಂತೆ. ಎಲ್ಲ ಒಪ್ಪಿಗೆಯಾಗಿ ದಿನ ಇಡಲು ಕೂತಾಗ ಆ ಮನೆಯ ದೇವರ ಮುಂದಿನ ದೀಪ ಆರಿತಂತೆ. ಈ ತಾಯಿ ಎದ್ದು ಹೊರಟವರು ಮತ್ತೆ ಫೋನು ಎತ್ತಲಿಲ್ಲವಂತೆ. "ಸೋ ಅಮ್ಮಾ, ಪ್ಲೀಸ್, ಆ ದಿನ ಎದುವುಂ ತಪ್ಪಾ ನಡಕ್ಕಕೂಡಾದು," ಎಂದಳು. ಆ ದಿನ ಏನೂ ತಪ್ಪಾಗಬಾರದಂತೆ. ಚಿಕ್ಕಂದಿನಿಂದ ಇಲ್ಲೇ ಓದಿದವಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಹೆದರಿದಾಗ ಮಾತ್ರ ಕನ್ನಡ ಬರುತ್ತದೆ. ಆಮೇಲೆ ಕನ್ನಡದಲ್ಲೇ ಹೇಳಿದಳು: "ಅವರಿಗೆ ನಾನು ಇಷ್ಟ ಇಲ್ಲಮ್ಮ. ಒಂದು ಕಾರಣ ಹುಡುಕ್ತಿದ್ದಾರೆ."

ಆ ಕಾರಣ ನಮ್ಮ ಕಡೆಯಿಂದ ಸಿಗಬಾರದು. ನನಗಿದ್ದ ಯೋಚನೆ ಅದೊಂದೇ.

ಊಟ ಅವರ ಲೆಕ್ಕದಲ್ಲಿ. ಜಾಗವನ್ನು ಆರಿಸಿದವರು ಅವರೇ. ಕೆಲವು ದಿನ ಮೊದಲು ಆ ರೆಸ್ಟೋರೆಂಟಿನ ಮ್ಯಾನೇಜರು ನನಗೆ ಫೋನು ಮಾಡಿದ. ಅಲ್ಲಿ ಮೆನು ನೋಡಿ ಹೇಳುವ ಪದ್ಧತಿಯಿಲ್ಲ. ಶೆಫ್ ಕೊಟ್ಟದ್ದನ್ನು ಒಂದೊಂದಾಗಿ ತಿನ್ನಬೇಕು. ಆದ್ದರಿಂದ ಬೇಡವಾದದ್ದನ್ನು ಮಾತ್ರ ಮೊದಲೇ ಕೇಳುತ್ತಾರೆ.

"ಆ ಮೇಡಂ ಆಲ್ರೆಡಿ ಹೇಳಿದ್ದಾರೆ," ಎಂದ. "ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಮೂಲಂಗಿ ಬೇಡ, ನುಗ್ಗೆಕಾಯಿ ಬೇಡ. ನಿಮ್ಮ ಕಡೆಯಿಂದ ಏನಾದರೂ?"

ನಮ್ಮ ಮನೆಯಲ್ಲಿ ನುಗ್ಗೆಕಾಯಿ ಹುಳಿ ವಾರಕ್ಕೊಮ್ಮೆ ಆಗುತ್ತದೆ. ಏನೂ ಇಲ್ಲ ಎನ್ನಬಹುದಿತ್ತು. ಆದರೆ ಉಡುಪಿಯ ಕಡೆಯವರು ನಾವು, ಕೃಷ್ಣನ ಮಠದ ಬಾಗಿಲಲ್ಲಿ ಬೆಳೆದವರು. ಮೈಸೂರಿನವರು ನಮಗೆ ಮಡಿ ಕಲಿಸುವುದೆ? "ಕ್ಯಾರೆಟ್, ಬೀಟ್‌ರೂಟ್, ಟೊಮೇಟೊ ಬೇಡ," ಎಂದೆ. "ಕೆಂಪು ಬಣ್ಣದ್ದು ನಾವು ತಿನ್ನುವುದಿಲ್ಲ."

ಮಾರನೆಯ ದಿನ ಅವನೇ ಮತ್ತೆ ಮಾಡಿದ. ನಾನು ಹೇಳಿದ್ದು ಅವರಿಗೆ ತಲುಪಿತ್ತು. "ಆ ಮೇಡಂ ಕೋಸು, ಹೂಕೋಸು, ಬೀನ್ಸ್, ಆಲೂಗಡ್ಡೆ ಕೂಡ ಬೇಡ ಅಂದ್ರು. ಸೀಮೆ ತರಕಾರಿ ಯಾವುದೂ ಅವರ ಮನೆ ಒಳಗೆ ಬರೋದಿಲ್ಲವಂತೆ."

"ಹೌದಾ," ಎಂದೆ. "ಹಾಗಾದರೆ ಮೆಣಸಿನಕಾಯಿಯೂ ಬೇಡ. ಅದೂ ಹೊರಗಿನಿಂದ ಬಂದದ್ದೇ. ಕಾಳುಮೆಣಸು ಹಾಕಲಿ."

ಆ ಕಡೆಯಿಂದ ಹುಣಸೆಹಣ್ಣೂ ಬೇಡ ಎಂದು ಬಂತು. ಹೀಗೆ ನಾವಿಬ್ಬರೂ, ಒಬ್ಬರಿಗೊಬ್ಬರು ಮಾತಾಡದೆ, ಆ ಪಾಪದ ಮ್ಯಾನೇಜರನ ಮೂಲಕ ಹರಾಜು ಕೂಗಿದೆವು. ಕೊನೆಗೆ ಅವನು ಸುಸ್ತಾದ ದನಿಯಲ್ಲಿ, "ನಮ್ಮ ಶೆಫ್‌ಗೆ ಚಾಲೆಂಜ್ ಅಂದ್ರೆ ಇಷ್ಟ ಮೇಡಂ," ಎಂದ. ಬೇಡವೆಂದದ್ದನ್ನೆಲ್ಲ ಕಳೆದ ಮೇಲೆ ಅಡುಗೆಮನೆಯಲ್ಲಿ ಏನು ಉಳಿಯುತ್ತದೆ ಎಂದು ನಾನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ.

ಮೇಜಿನ ಒಂದು ಕಡೆ ನಾನು, ಇವರು, ಮಗಳು. ಎದುರಿಗೆ ಹುಡುಗ, ಅವನ ತಾಯಿ, ತಂದೆ. ಗಂಡಸರಿಬ್ಬರೂ ಕೂತ ಕೂಡಲೇ ಮೆಟ್ರೋ ಕೆಲಸಕ್ಕೆ ಯಾವ ಯಾವ ರಸ್ತೆ ಅಗೆದಿದ್ದಾರೆ ಎಂಬ ಮಾತು ಹಿಡಿದರು. ಊಟ ಮುಗಿಯುವವರೆಗೂ ಆ ಅಗೆತದಿಂದ ಮೇಲೆ ಬರಲಿಲ್ಲ.

ಹುಡುಗನ ತಾಯಿ ಬೂದುಬಣ್ಣದ ಕೈಮಗ್ಗದ ಸೀರೆ ಉಟ್ಟಿದ್ದರು. ಗೋಡೆಗೂ ಸೀರೆಗೂ ಒಂದೇ ಬಣ್ಣ. ನನ್ನ ಅರಿಶಿನ ಬಣ್ಣದ ಕಾಂಚೀಪುರಂ ನೋಡಿ, "ಜೋರಾಗಿದೆ. ಇಲ್ಲಿಗೆ ಇಷ್ಟು ಗ್ರ್ಯಾಂಡಾಗಿ ಯಾರೂ ಬರೋಲ್ಲ, ಪರವಾಗಿಲ್ಲ," ಎಂದರು. ಆಮೇಲೆ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಚಮಚ, ಮುಳ್ಳುಚಮಚಗಳ ಕಡೆ ಕಣ್ಣು ಹಾಯಿಸಿ ನನಗೆ ಧೈರ್ಯ ಹೇಳಿದರು: "ಕೈಯಲ್ಲಿ ತಿಂದ್ರೂ ನಡೆಯತ್ತೆ ಇಲ್ಲಿ."

ನಾನು ಮಡಿಲ ಮೇಲೆ ನ್ಯಾಪ್‌ಕಿನ್ ಹಾಸಿಕೊಂಡು, ಕಾನ್ವೆಂಟಿನಲ್ಲಿ ಕಲಿತಂತೆ ಸಾಲಿನ ಹೊರಗಿನ ಚಮಚ ಎತ್ತಿಕೊಂಡೆ. ಅವರು ಒಳಗಿನದ್ದನ್ನು ಎತ್ತಿಕೊಂಡಿದ್ದರು. ನನ್ನ ಕೈ ನೋಡಿ ಮೆಲ್ಲಗೆ ಬದಲಿಸಿದರು. ನಾನು ನೋಡಲಿಲ್ಲ ಎಂಬಂತೆ ನೀರು ಕುಡಿದೆ. ಆ ನೀರಿಗೂ ಒಂದು ಸೌತೆಕಾಯಿ ಚೂರು ತೇಲಿಬಿಟ್ಟಿದ್ದರು.

ಮೊದಲು ಗುಬ್ಬಚ್ಚಿಗೆ ಸಾಕಾಗುವಷ್ಟು ಸಣ್ಣ ಬಟ್ಟಲಲ್ಲಿ ಸಾರು ಬಂತು. ಹುಳಿಯಿಲ್ಲ, ಖಾರದ ಪುಡಿಯಿಲ್ಲ. ಕಾಳುಮೆಣಸು, ಜೀರಿಗೆ, ತುಪ್ಪ. ಚೆನ್ನಾಗಿತ್ತು. ಶೀತಕ್ಕೆ ಒಳ್ಳೆಯದು ಎಂದುಕೊಂಡೆ.

ಆಮೇಲೆ ಗಾಜಿನ ಗುಮ್ಮಟ ಮುಚ್ಚಿದ ತಟ್ಟೆ. ಬಡಿಸುವವನು ಗುಮ್ಮಟ ಎತ್ತಿದ ಕೂಡಲೇ ಹೊಗೆ ಎದ್ದು ಎಲ್ಲರ ಕಣ್ಣಿಗೂ ಹೋಯಿತು. ಹೋಮದ ಮುಂದೆ ಕೂತವರಂತೆ ಕಣ್ಣೊರೆಸಿಕೊಂಡು ನೋಡಿದರೆ ಒಳಗೆ ಬಾಳೆಕಾಯಿ. ಒಂದು ಕಡೆ ಹುರಿದದ್ದು, ಒಂದು ಕಡೆ ಅರೆದದ್ದು, ಮಧ್ಯೆ ಪಲ್ಯದಂಥದ್ದು. "ಬನಾನಾ, ಥ್ರೀ ವೇಸ್," ಎಂದ ಅವನು. ಅದರ ಹಿಂದೆಯೇ ಹಾಗಲಕಾಯಿಯ ಬಳೆಗಳು, ಬೆಲ್ಲದ ಪಾಕ ಸವರಿಕೊಂಡು.

ಸಾರು, ಬಾಳೆಕಾಯಿ, ಹಾಗಲಕಾಯಿ. ನನ್ನ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಕೆಮ್ಮಿತು. ನಾನು ಅದನ್ನು ಸುಮ್ಮನಾಗಿಸಿದೆ.

"ನಮ್ಮಲ್ಲಿ ಮದುವೆ ಅಂದ್ರೆ ಮೂರು ದಿನ," ಎಂದು ಹುಡುಗನ ತಾಯಿ ಮಾತು ಎತ್ತಿದರು. "ನಿಮ್ಮ ಕಡೆ ಹೇಗೋ. ಬೆಳಿಗ್ಗೆ ತಾಳಿ, ಮಧ್ಯಾಹ್ನ ಗಲ್ಲಾಪೆಟ್ಟಿಗೆ ಅಂತ ಕೇಳಿದ್ದೀನಿ." ತಮಾಷೆಗೆ ಎಂಬಂತೆ ಮಗಳ ಕಡೆ ತಿರುಗಿದರು. "ಅಲ್ಲವೇನಮ್ಮ?"

"ಇಲ್ಲ ಆಂಟಿ," ಎಂದಳು ಮಗಳು. ಅವಳ ಕೈ ಮೇಜಿನ ಕೆಳಗೆ ನನ್ನ ಸೆರಗಿನ ಅಂಚನ್ನು ಹಿಡಿದಿತ್ತು.

ಆಗ ಉದ್ದಿನ ವಡೆ ಬಂತು. ಬರೀ ವಡೆಯಿಂದ ಏನೂ ಆಗುವುದಿಲ್ಲ. ನಮ್ಮ ಹೋಟೆಲಿನಲ್ಲಿ ಬೆಳಗಾದರೆ ಬುಟ್ಟಿಗಟ್ಟಲೆ ಕರಿಯುತ್ತಾರೆ. ಆದರೆ ಮನೆಯಲ್ಲಿ, ಎಲೆಯ ಮೇಲೆ, ಶುಭಕಾರ್ಯಕ್ಕೆ ನಾವು ಬಡಿಸುವುದು ಕಡಲೆಬೇಳೆಯ ಅಂಬೊಡೆ. ಕಾಳುಮೆಣಸಿನ ಸಾರು, ಬಾಳೆಕಾಯಿ, ಹಾಗಲಕಾಯಿಯ ಜತೆಗೆ ಉದ್ದಿನ ವಡೆ ಬಂದರೆ ಅದು ವರ್ಷಕ್ಕೊಮ್ಮೆ ಬರುವ ಬೇರೆಯೇ ಊಟ. ಹೊತ್ತೂ ಸರಿಯಾಗಿ ಅದೇ, ಮಧ್ಯಾಹ್ನ ಇಳಿಯುವ ಹೊತ್ತು.

ನಾನು ಮುಖ ಎತ್ತಿ ಎದುರಿಗೆ ನೋಡಿದೆ. ಹುಡುಗನ ತಾಯಿಯ ಕೈ ವಡೆಯ ಮೇಲೆ ಅರ್ಧಕ್ಕೆ ನಿಂತಿತ್ತು. ಅವರೂ ನನ್ನನ್ನೇ ನೋಡುತ್ತಿದ್ದರು.

ಆ ಕ್ಷಣದಲ್ಲಿ ನಮ್ಮಿಬ್ಬರಿಗೂ ಒಂದೇ ವಿಷಯ ತಿಳಿದಿತ್ತು, ಇಬ್ಬರಿಗೂ ಇನ್ನೊಬ್ಬರಿಗೆ ತಿಳಿದಿದೆ ಎಂದೂ ತಿಳಿದಿತ್ತು. ಮದುವೆಗೆ ದಿನ ಇಡಲು ಕರೆದು ಬೀಗರಿಗೆ ತಿಥಿಯ ಊಟ ಬಡಿಸಿದ್ದರು. ದೀಪ ಆರಿದ್ದಕ್ಕೆ ಎದ್ದು ಹೋದ ಹೆಂಗಸು ಇದಕ್ಕೆ ಏನು ಮಾಡಲಿಕ್ಕಿಲ್ಲ? ಅವರು ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ಆದರೆ ಹೇಳಿದರೆ, ಬಡಿಸಿದವರು ಯಾರು? ಜಾಗ ಅವರದ್ದು, ಕರೆದವರು ಅವರು, ಬೇಡ ಬೇಡ ಎಂದು ಶುರು ಮಾಡಿದವರೂ ಅವರೇ. ನಾನು ಹೇಳಿದರೆ ಅವರ ಮಾನ ಹೋಗುತ್ತದೆ, ಜತೆಗೆ ನನ್ನ ಮಗಳ ಸಂಬಂಧವೂ. ಹೇಳಲು ನಾಲಿಗೆ ತುರಿಸುತ್ತಿತ್ತು ಎಂಬುದನ್ನು ಮುಚ್ಚಿಡಲಾರೆ. ಕಾಫಿ ಲೋಟದ ತಳ ತಿರುಗಿಸಿ ನೋಡಿದವರಿಗೆ ಒಂದೇ ಶಬ್ದ ಸಾಕಿತ್ತು. ಸೆರಗಿನ ತುದಿ ಹಿಡಿದಿದ್ದ ಕೈ ಒಂದು ಇರದಿದ್ದರೆ ಹೇಳಿಯೇಬಿಡುತ್ತಿದ್ದೆನೇನೋ.

"ವಡೆ ಸ್ವಲ್ಪ ಗಟ್ಟಿ," ಎಂದರು ಅವರು, ನನ್ನ ಕಣ್ಣು ಬಿಡದೆ.

"ಉದ್ದು ಹಳೆಯದು," ಎಂದೆ ನಾನು.

ಅಷ್ಟಕ್ಕೇ ನಿಂತಿದ್ದರೆ ಇಬ್ಬರೂ ನುಂಗಿಕೊಂಡು ಎದ್ದು ಬರುತ್ತಿದ್ದೆವು. ಮುಂದಿನ ತಟ್ಟೆ ಬಂತು. ಉದ್ದನೆಯ ಕಪ್ಪು ಕಲ್ಲಿನ ಹಲಗೆ. ಅದರ ಮೇಲೆ ಮಜ್ಜಿಗೆಹುಲ್ಲಿನ ಗರಿಗಳನ್ನು ಒಂದೇ ದಿಕ್ಕಿಗೆ ಹಾಸಿದ್ದರು, ಥೇಟ್ ದರ್ಭೆಯ ಹಾಗೆ. ಗರಿಗಳ ಮೇಲೆ ಅನ್ನದ ಮೂರು ಉಂಡೆ, ಪ್ರತಿಯೊಂದರ ನೆತ್ತಿಗೂ ಕಪ್ಪು ಎಳ್ಳು. ಒಬ್ಬೊಬ್ಬರ ಮುಂದೆ ಒಂದೊಂದು ಹಲಗೆ.

ಮೇಜಿನ ಮೇಲೆ ಮೆಟ್ರೋ ಮಾತು ಒಂದೇ ಸಮ ನಡೆಯುತ್ತಿತ್ತು. ಇವರು ತಮ್ಮ ಹಲಗೆಯನ್ನು ಹತ್ತಿರ ಎಳೆದುಕೊಂಡು, "ಮೊಸರನ್ನ ಇದ್ದ ಹಾಗೆ ಉಂಟಲ್ಲ," ಎಂದು ಒಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡೇಬಿಟ್ಟರು. ನಲವತ್ತರ ವಯಸ್ಸಿನಿಂದ ತಮ್ಮ ತಂದೆಗೆ ವರ್ಷ ವರ್ಷ ಉಂಡೆ ಕಟ್ಟಿ ಇಟ್ಟ ಮನುಷ್ಯ. ಕೈಯಲ್ಲಿ ಕಟ್ಟಿದ್ದು ಬೇರೆ, ಎಸಿಯಲ್ಲಿ ಕೂತು ಕಲ್ಲಿನ ಹಲಗೆಯ ಮೇಲೆ ನೋಡಿದ್ದು ಬೇರೆ ಇರಬೇಕು.

ಮಗಳು ಬಗ್ಗಿ ನೋಡಿದಳು. ಹುಬ್ಬು ಗಂಟಾಯಿತು. ಕನ್ನಡ ಬಂದೇಬಿಟ್ಟಿತು: "ಅಮ್ಮಾ, ಇದು ಅಜ್ಜನ..."

"ಸಂಕ್ರಾಂತಿ," ಎಂದು ಎದುರಿನಿಂದ ಕತ್ತರಿ ಬಿದ್ದಂತೆ ಮಾತು ಬಂತು. ಹುಡುಗನ ತಾಯಿ ನನ್ನ ಮಗಳನ್ನು ನೋಡಿ ನಗುತ್ತಿದ್ದರು. ನಗು ತುಟಿಯಲ್ಲಿ ಮಾತ್ರ ಇತ್ತು. "ಎಳ್ಳು ಅಂದ್ರೆ ಸಂಕ್ರಾಂತಿ ಅಲ್ವಾಮ್ಮ. ಎಳ್ಳು ಬೀರೋದು. ಅದನ್ನೇ ಇವರು ಸ್ಟೈಲಾಗಿ ಮಾಡಿದ್ದಾರೆ."

"ಹೌದು, ಸಂಕ್ರಾಂತಿ," ಎಂದೆ ನಾನೂ.

ಅವರು ಮುಳ್ಳುಚಮಚದ ಬೆನ್ನಿನಿಂದ ತಮ್ಮ ಮೂರು ಉಂಡೆಗಳನ್ನೂ ಒಂದೊಂದಾಗಿ ಒತ್ತಿ ಚಪ್ಪಟೆ ಮಾಡಿದರು. ಆಮೇಲೆ ಪಕ್ಕಕ್ಕೆ ಬಾಗಿ ಮಗನ ಹಲಗೆಯ ಮೇಲಿನವನ್ನೂ. ನಾನು ನನ್ನವನ್ನು ಒತ್ತಿ, ಮಗಳ ಉಂಡೆಗಳಿಗೆ ಕೈ ಹಾಕಿದೆ.

"ಅಮ್ಮಾ, ಎನ್ನ ಪಣ್ಣರೇ?" ಏನು ಮಾಡುತ್ತಿದ್ದೀ ಎಂದು ಹುಡುಗ ತನ್ನ ತಾಯಿಯನ್ನು ಕೇಳಿದ.

"ಅನ್ನ ಕಲಸಿಕೊಂಡು ತಿನ್ನಬೇಕು ಕಣ್ಣಾ. ಉಂಡೆ ಉಂಡೆಯಾಗಿ ಎಲ್ಲಾದರೂ ತಿಂತಾರಾ?"

ಅವರ ಹಣೆಯಲ್ಲಿ, ಕುಂಕುಮದ ಕೆಳಗೆ, ಬೆವರಿನ ಸಾಲು. ಅದನ್ನು ನೋಡಿ ನನಗೆ ಪೂರಾ ಸಂತೋಷವಾಯಿತು. ಆ ಹುಲ್ಲಿನ ಗರಿಗಳನ್ನು ಬೇರೆ ಅವರು ಒಂದೊಂದಾಗಿ ಎತ್ತಿ ನ್ಯಾಪ್‌ಕಿನ್‌ನೊಳಗೆ ಸುತ್ತಿ ಮುಚ್ಚಿಟ್ಟರು.

ಎಲ್ಲ ಮುಗಿಯಿತು ಎನ್ನುವಾಗ ಶೆಫ್ ತಾನೇ ಹೊರಗೆ ಬಂದ. ತೆಳ್ಳಗಿನ ಉತ್ತರದ ಹುಡುಗ, ಕಪ್ಪು ಏಪ್ರನ್, ತೋಳಿನ ಮೇಲೆ ಹಸಿಮೆಣಸಿನಕಾಯಿಯ ಹಚ್ಚೆ. ಅವನ ಕೈಯಲ್ಲಿ ಎಳ್ಳುಂಡೆಯ ತಟ್ಟೆ. ಪ್ರತಿ ಉಂಡೆಗೂ ಬೆಳ್ಳಿಯ ರೇಕು. ಎಲ್ಲರೂ ತೃಪ್ತರಾದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆ ಪ್ರಶ್ನೆಯನ್ನು ಆ ಊಟದ ಕೊನೆಗೆ ಸಂಸ್ಕೃತದಲ್ಲಿ ಕೇಳುವುದನ್ನು ನಾನು ಬಾಗಿಲ ಸಂದಿಯಿಂದ ಎಷ್ಟೋ ವರ್ಷ ಕೇಳಿದ್ದೇನೆ. ಹುಡುಗನ ತಾಯಿ ಕಣ್ಣು ಮುಚ್ಚಿದರು.

"ನೀವು ಬೇಡ ಅಂದದ್ದನ್ನೆಲ್ಲ ಕೇಳಿ ನನಗೆ ಒಂದು ದಿನ ನಿದ್ದೆ ಬರಲಿಲ್ಲ," ಎಂದು ಅವನು ಉತ್ಸಾಹದಿಂದ ಶುರು ಮಾಡಿದ. "ಆಮೇಲೆ ನೆನಪಾಯಿತು. ಕುಂಭಕೋಣದಲ್ಲಿ ಒಬ್ಬ ವಯಸ್ಸಾದ ಅಡುಗೆಯವರ ಹತ್ತಿರ ಒಂದು ಊಟ ಕಲಿತಿದ್ದೆ. ಸರಿಯಾಗಿ ಇವೇ ಪದಾರ್ಥ! ಬಹಳ ಪವಿತ್ರವಾದದ್ದು, ವರ್ಷಕ್ಕೆ ಒಂದೇ ಸಲ ಮಾಡುವುದಂತೆ. ಮನೆಯ ಹಿರಿಯರು, ಅಂದರೆ ಈಗ ಇಲ್ಲದ..."

"ಯಂಗ್ ಮ್ಯಾನ್," ಎಂದೆ.

ನಮ್ಮ ಹೆಡ್ ಸಿಸ್ಟರು ಕಾರಿಡಾರಿನ ಆ ಕೊನೆಯಿಂದ ಕರೆಯುತ್ತಿದ್ದ ದನಿ ಅದು. ನನ್ನ ಗಂಟಲಲ್ಲಿ ಇಷ್ಟು ವರ್ಷ ಎಲ್ಲಿ ಕೂತಿತ್ತೋ. ಪಕ್ಕದ ಮೇಜಿನವರೂ ಬೆನ್ನು ನೆಟ್ಟಗೆ ಮಾಡಿಕೊಂಡರು. ಊಟದ ಮೇಜಿನಲ್ಲಿ ಊಟದ ವಿಷಯ ಮಾತಾಡುವುದು ನಮ್ಮಲ್ಲಿ ಸಭ್ಯತೆಯಲ್ಲ ಎಂದು ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ಅವನು ತಟ್ಟೆ ಇಟ್ಟು, ಕ್ಷಮೆ ಕೇಳಿ, ಹಿಂದಕ್ಕೆ ನಡೆದೇ ಹೋದ.

ಇವರು ತಮ್ಮ ಎಳ್ಳುಂಡೆ ತಿಂದು ತಟ್ಟೆ ನೋಡಿ, "ಇದು ಇನ್ನೊಂದು ಸಿಗ್ತದಾ?" ಎಂದರು.

"ಸಿಗುವುದಿಲ್ಲ," ಎಂದು ನಾನೂ ಹುಡುಗನ ತಾಯಿಯೂ ಒಟ್ಟಿಗೆ ಹೇಳಿದೆವು.

ದಿನ ಇಡುವ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗನ ತಂದೆ ಪಂಚಾಂಗ ತರಲೆಂದು ಚೀಲಕ್ಕೆ ಕೈ ಹಾಕಿದಾಗ ಹುಡುಗನ ತಾಯಿ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಮಗಳ ಮುಖ ಬಿಳುಚಿಹೋಯಿತು. ಹೊರಗೆ ಬಂದೆವು. ಕಾರು ತರಲು ಗಂಡಸರೂ ಮಕ್ಕಳೂ ಗೇಟಿನ ಕಡೆ ಹೋದರು. ಪೋರ್ಟಿಕೋದಲ್ಲಿ ನಾವಿಬ್ಬರೇ ಉಳಿದೆವು. ಬಿಸಿಲಿಗೆ ಬೂದುಬಣ್ಣದ ಗೋಡೆಯಿಂದಲೂ ಝಳ ಹೊಡೆಯುತ್ತಿತ್ತು.

"ಮೆಣಸಿನಕಾಯಿ ಬೇಡ ಅಂದದ್ದು ಯಾರು?" ಎಂದರು ಅವರು, ರಸ್ತೆಯ ಕಡೆ ನೋಡುತ್ತ.

"ಹುಣಸೆಹಣ್ಣು ಬೇಡ ಅಂದದ್ದು ಯಾರು?"

"ನಿಮ್ಮ ಕೆಂಪು ಬಣ್ಣದಿಂದ ಶುರುವಾದದ್ದು."

"ನಿಮ್ಮ ನುಗ್ಗೆಕಾಯಿಯಿಂದ."

ಅವರು ಸೆರಗಿನಿಂದ ಕತ್ತು ಒರೆಸಿಕೊಂಡರು. "ಹೋಟೆಲ್‌ನವರಾಗಿ ನಿಮಗಾದ್ರೂ ಮೊದಲೇ ಹೊಳೆಯಬೇಡವಾ?"

"ಹೋಟೆಲಿನಲ್ಲಿ ನಾವು ಆ ಊಟ ಮಾರುವುದಿಲ್ಲ," ಎಂದೆ. "ನಿಮ್ಮ ಮನೆಯಲ್ಲಿ ಮಾಡುವುದಿಲ್ಲವಾ?"

ಅವರಿಗೆ ತಾಗಿತು. ಆ ಅಡುಗೆಗೆ ಅವರು ಹೊರಗಿನಿಂದ ಜನ ಕರೆಸುತ್ತಾರೆ ಎಂದು ಮಗಳು ಹಿಂದೆ ಹೇಳಿದ್ದಳು. ನಾನು ಕಾದೆ. ಈಗ ಹೇಳುತ್ತಾರೆ, ಯೋಚಿಸಿ ತಿಳಿಸ್ತೀವಿ ಎಂದು. ಆಮೇಲೆ ಫೋನು ಎತ್ತುವುದಿಲ್ಲ. ಗೇಟಿನ ಹತ್ತಿರ ಮಗಳು ನಮ್ಮ ಕಡೆಗೇ ನೋಡುತ್ತ ನಿಂತಿದ್ದಳು. ಹುಡುಗ ತನ್ನ ಕೈಯನ್ನು ಅವಳ ತಲೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದಿದ್ದ.

ಅವರೂ ಅದನ್ನು ನೋಡಿದರು. "ಅವನು ನನಗೆ ಒಂದು ದಿನವೂ ಹಾಗೆ ಹಿಡಿದಿಲ್ಲ," ಎಂದರು. ಆ ಮಾತಿನಲ್ಲಿ ವಾತ್ಸಲ್ಯವೇನೂ ಇರಲಿಲ್ಲ. ಆಮೇಲೆ ಆಫೀಸಿನವರ ದನಿಯಲ್ಲಿ ಹೇಳಿದರು: "ನೋಡಿ, ನಾವು ಇವತ್ತು ಊಟ ಮಾಡಲಿಲ್ಲ. ನಿಮಗೆ ಹೊಟ್ಟೆ ಸರಿಯಿರಲಿಲ್ಲ, ನಾವು ಬರಲಿಲ್ಲ. ಇನ್ನೊಂದು ಒಳ್ಳೆ ದಿನ, ಇನ್ನೊಂದು ಕಡೆ, ಸರಿಯಾಗಿ ಎಲೆ ಹಾಕಿ ಊಟ ಮಾಡಿ, ಆಮೇಲೆ ಪಂಚಾಂಗ ತೆಗೆಯೋಣ."

"ಹೊಟ್ಟೆ ನಿಮ್ಮದೇ ಸರಿಯಿರಲಿಲ್ಲ ಅಂತ ಇಟ್ಟುಕೊಳ್ಳುವ," ಎಂದೆ. "ಎಲ್ಲಿ?"

"ಎಲೆ ಊಟಕ್ಕೆ ಈಗ ಎಲ್ಲಿ ಒಳ್ಳೆ ಜಾಗ ಇದೆ ಅಂತ..." ಎನ್ನುತ್ತ ಅವರು ಒಂದೆರಡು ಹೆಸರು ನೆನಪು ಮಾಡಿಕೊಂಡರು, ಒಂದು ಮುಚ್ಚಿತ್ತು, ಇನ್ನೊಂದರಲ್ಲಿ ಈಗ ಪಿಜ್ಜಾ.

"ಕ್ರೋಂಪೇಟೆಯಲ್ಲಿ ಉಂಟು," ಎಂದೆ.

ಕಾರು ಬಂದು ನಿಂತಿತು. ಹುಡುಗ ಕಿಟಕಿಯಿಂದ ತಲೆ ಹಾಕಿ, "ಕ್ರೋಂಪೇಟಾ? ಮಾಮಾ ಕಡೆಯಾ? ಅಲ್ಲಿ ಗೋಲಿಬಜ್ಜಿ ಸೂಪರ್‌ಮಾ. ನಾವು ವಾರಾ ವಾರಾ ಹೋಗ್ತೀವಲ್ಲ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಹುಡುಗನ ತಾಯಿ ಮಗನನ್ನು ನೋಡಿದರು, ನನ್ನನ್ನು ನೋಡಿದರು. "ಎಸಿ ಇದೆಯಾ ಅಲ್ಲಿ?"

"ಉಂಟು," ಎಂದೆ. "ನಡೆಯುತ್ತದೆ ಅಂತ ಮಾತು ಕೊಡಲಾರೆ."

ಹೊರಡುವಾಗ ನಾವು ಒಬ್ಬರಿಗೊಬ್ಬರು ಹೋಗಿ ಬರುತ್ತೇವೆ ಎನ್ನಲಿಲ್ಲ. ಆ ಊಟ ಉಂಡವರು ಹಾಗೆ ಹೇಳಿ ಹೊರಡುವುದಿಲ್ಲ. ಮಾಡದ ಊಟಕ್ಕೂ ನಾವಿಬ್ಬರೂ ಆ ನಿಯಮವನ್ನು ಮಾತ್ರ ಬಿಡಲಿಲ್ಲ.

ಮುಂದಿನ ಶುಕ್ರವಾರ ಅಣ್ಣ ಮಹಡಿಯ ಫ್ಯಾಮಿಲಿ ರೂಮನ್ನು ತೊಳೆಸಿ, ರಂಗೋಲಿ ಹಾಕಿಸಿ, ತುದಿಯಿದ್ದ ಎಲೆಗಳನ್ನು ಎಡಕ್ಕೆ ತುದಿ ಬರುವಂತೆ ಹಾಸಿಸಿದ್ದ. ಎಸಿ ಕೆಟ್ಟಿತ್ತು. ಕೆಳಗಿನಿಂದ ಲೋಟ ಕುಕ್ಕುವ ಸದ್ದು, ರೈಲಿನ ಸದ್ದು. ಹುಡುಗನ ತಾಯಿ ಸ್ಟೀಲ್ ಲೋಟ ಎತ್ತಿದರು. ತಳ ತಿರುಗಿಸಿ ನೋಡುತ್ತಾರೆಂದು ಕಾದೆ; ನೋಡಿದರು. ತಳದಲ್ಲಿ ಅಪ್ಪನ ಹೋಟೆಲಿನ ಹೆಸರು ಕೊರೆದಿತ್ತು. ಓದಿ ಕೆಳಗಿಟ್ಟರು.

ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಕ್ಯಾರೆಟ್ ಪಲ್ಯ. ಟೊಮೇಟೊ ಸಾರು. ಅಂಬೊಡೆಯನ್ನು ನಾನೇ ಬಡಿಸಿದೆ. ಅದನ್ನು ಅವರ ಎಲೆಯ ಮೇಲೆ ಇಡುವಾಗ ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದೆವು. ಆಮೇಲೆ ನುಗ್ಗೆಕಾಯಿ ಹುಳಿ ಬಂತು. ಬೇಕೆಂದೇ ಮಾಡಿಸಿದ್ದೆ. ಅವರು ಬೇಡ ಎನ್ನಲಿಲ್ಲ. ನುಗ್ಗೆಕಾಯಿ ತುಂಡನ್ನು ಬೆರಳಿನಿಂದ ಎತ್ತಿ, ಬಿಡಿಸಿ, ಒಳಗಿನ ತಿರುಳನ್ನು ಹಲ್ಲಿನಿಂದ ಎಳೆದು, ಸಿಪ್ಪೆಯನ್ನು ಎಲೆಯ ಮೂಲೆಗೆ ಅಚ್ಚುಕಟ್ಟಾಗಿ ಇಟ್ಟರು. ಆ ಮೂಲೆಯಲ್ಲಿ ಸಿಪ್ಪೆಯ ಗುಡ್ಡೆ ಬೆಳೆಯಿತು. ನುಗ್ಗೆಕಾಯಿಯನ್ನು ಮನೆಯೊಳಗೇ ಬಿಟ್ಟುಕೊಳ್ಳದವರ ಕೈಯಲ್ಲ ಇದು. ಊಟದ ಹೊತ್ತಿನಲ್ಲಿ ಊಟದ ಮಾತು ಆಡಬಾರದಲ್ಲ.

ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಪಂಚಾಂಗ ತೆಗೆದರು. ಮಾಘದಲ್ಲಿ ಒಂದು ದಿನ ಸಿಕ್ಕಿತು. ಮಗಳು ಎದ್ದು ಬಂದು ಅವರ ಕಾಲಿಗೆ ನಮಸ್ಕಾರ ಮಾಡಿದಳು. "ದೀರ್ಘ ಸುಮಂಗಲಿ ಭವ," ಎಂದರು, ಎಂಜಲು ಕೈಯನ್ನು ದೂರ ಹಿಡಿದುಕೊಂಡು.

ಕೈ ತೊಳೆದು ಬಂದವರು ತಾಂಬೂಲ ತೆಗೆದುಕೊಳ್ಳುವಾಗ ನನ್ನ ಹತ್ತಿರ ಬಾಗಿದರು. ಅಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಅವನ ಕಡೆ ನೋಡಲಿಲ್ಲ.

"ನಿಮ್ಮಣ್ಣನಿಗೆ ಹೇಳಿ," ಎಂದರು. "ಮದುವೆ ದಿನ ಹುಳಿಗೆ ಉಪ್ಪು ಸ್ವಲ್ಪ ಕಮ್ಮಿ ಹಾಕಲಿ."

ಉಪ್ಪು ಸರಿಯಾಗಿಯೇ ಇತ್ತು.